ಮಕ್ಕಳು ಓಡಾಡುವ ಕಾರಿನ ಒಳಭಾಗವನ್ನು ಚೊಕ್ಕವಾಗಿಡುವುದು

ಕಾರಿನ ಹೊರಮೈ ತೊಳೆಯುವುದು ಅಷ್ಟೇನೂ ಕಷ್ಟವಲ್ಲ, ಸುರಿದ ನೀರು ಹರಿದು ಹೋಗುತ್ತದೆ. ಒಳಗೆ ಹಾಗಲ್ಲ. ಅಲ್ಲಿ ಬಿದ್ದ ನೀರು ಸೀಟಿನ ಸ್ಪಂಜಿಗೋ ಕಾರ್ಪೆಟ್ಟಿನ ಅಡಿಯ ದಪ್ಪ ಪದರಕ್ಕೋ ಇಳಿದು ಅಲ್ಲೇ ಕೂತುಬಿಡುತ್ತದೆ. ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ಒಂದೆರಡು ದಿನ ತೇವ ಉಳಿದರೆ ಸಾಕು, ಮುಗ್ಗಲು ವಾಸನೆ ಶುರುವಾಗುತ್ತದೆ. ಬೂಷ್ಟು ಆಮೇಲೆ ಬರುತ್ತದೆ. ಕೊಳೆ ತೆಗೆಯುತ್ತೇವೆಂದು ಸುರಿದ ನೀರೇ ಎಷ್ಟೋ ಸಲ ಕೊಳೆಗಿಂತ ಹೆಚ್ಚು ಹಾಳು ಮಾಡುತ್ತದೆ. ಒಣ ಕೆಲಸವೆಲ್ಲ ಮುಗಿದ ಮೇಲಷ್ಟೇ ಒದ್ದೆ ಬಟ್ಟೆ ಕೈಗೆತ್ತಿಕೊಳ್ಳಿ, ಅದನ್ನೂ ಗಟ್ಟಿಯಾಗಿ ಹಿಂಡಿ.

ಮೊದಲು ಕಾರನ್ನು ಪೂರ್ತಿ ಖಾಲಿ ಮಾಡಿ. ಬಾಗಿಲ ಜೇಬು, ಸೀಟಿನ ಬೆನ್ನಿನ ಜೇಬು, ಗ್ಲೋವ್ ಬಾಕ್ಸ್, ಕಪ್ ಇಡುವ ಗುಂಡಿ, ಯಾವುದನ್ನೂ ಬಿಡಬೇಡಿ. ಮ್ಯಾಟ್‌ಗಳನ್ನು ಹೊರಗೆ ತೆಗೆದು ಮಗುಚಿ ಬಡಿಯಿರಿ. ಕಸ ತೆಗೆಯುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ: ಡ್ಯಾಶ್‌ಬೋರ್ಡಿನ ಧೂಳು ಸೀಟಿಗೆ, ಸೀಟಿನದು ನೆಲಕ್ಕೆ, ನೆಲದ್ದು ವ್ಯಾಕ್ಯೂಮ್ ಒಳಕ್ಕೆ. ಎಸಿ ಕಿಂಡಿಗಳಿಗೆ ಮೃದು ಕೂದಲಿನ ಪೇಂಟ್ ಬ್ರಷ್ ಸಾಕು. ಒಂದು ಕೈಯಲ್ಲಿ ಬ್ರಷ್ ಆಡಿಸುತ್ತಾ ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಬಾಯಿ ಹಿಡಿಯಿರಿ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಹಿಂದಿನ ಭಾಗ, ಪೂರ್ತಿ ಹಿಂದಕ್ಕೆ ಎಳೆದು ಮುಂದಿನ ಭಾಗ ಗುಡಿಸಿದರೆ ಹಳಿಯಲ್ಲಿ ಸಿಕ್ಕ ಬಿಸ್ಕತ್ ಪುಡಿ, ನಾಣ್ಯ ಎಲ್ಲ ಸಿಗುತ್ತವೆ. ಸೀಟಿನಡಿ ಕಾಣುವ ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗ್‌ಗೆ ಸೇರಿದವು. ಅವನ್ನು ಎಳೆಯಬೇಡಿ, ಒದ್ದೆ ಮಾಡಬೇಡಿ.

ಕಾರ್ಪೆಟ್ಟಿನಲ್ಲಿ ಹುದುಗಿದ ಮರಳು ವ್ಯಾಕ್ಯೂಮಿಗೆ ಸುಲಭವಾಗಿ ಬರುವುದಿಲ್ಲ. ಗಡುಸು ಬ್ರಷ್ಷಿನ ಮರದ ಬೆನ್ನಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಕಣಗಳು ಮೇಲಕ್ಕೆ ಕುಣಿದು ಬರುತ್ತವೆ, ಆಗ ಎಳೆದುಕೊಳ್ಳಿ.

ಡ್ಯಾಶ್‌ಬೋರ್ಡ್, ಬಾಗಿಲ ಒಳಮೈಗೆ ವಿಶೇಷ ದ್ರಾವಣವೇನೂ ಬೇಡ. ಒಂದು ಲೀಟರ್ ನೀರಿಗೆ ಕೆಲವೇ ಹನಿ ಸೌಮ್ಯ ಸೋಪು ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ ಹಿಂಡಿ ಒರೆಸಿ. ಬಟ್ಟೆಯನ್ನು ನಾಲ್ಕಾಗಿ ಮಡಚಿಕೊಂಡರೆ 8 ಶುದ್ಧ ಮುಖಗಳು ಸಿಗುತ್ತವೆ, ಒಂದು ಮುಖ ಕೊಳೆಯಾದರೆ ತಿರುವಿಕೊಳ್ಳಿ. ಈ ಬಟ್ಟೆಗಳನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬಾರದು, ಎಳೆಗಳಿಗೆ ಜಿಡ್ಡು ಕಟ್ಟಿ ನೀರು ಹೀರುವ ಗುಣವೇ ಹೋಗುತ್ತದೆ. ಟಚ್ ಸ್ಕ್ರೀನಿನ ಮೇಲೆ ನೇರವಾಗಿ ಸ್ಪ್ರೇ ಹೊಡೆದರೆ ದ್ರವ ಅಂಚಿನಿಂದ ಒಳಗಿಳಿಯುತ್ತದೆ, ಬಟ್ಟೆಗೆ ಹೊಡೆದು ಒರೆಸಿ. ಹೊಳಪು ಕೊಡುವ ಸಿಲಿಕೋನ್ ಪಾಲಿಶ್ ನನಗಂತೂ ಕಾರಿನೊಳಗೆ ಎಲ್ಲೂ ಇಷ್ಟವಿಲ್ಲ. ಸ್ಟಿಯರಿಂಗ್ ಮತ್ತು ಪೆಡಲ್‌ಗಳ ಮೇಲಂತೂ ಕಡ್ಡಾಯವಾಗಿ ಬೇಡ, ಕೈಕಾಲು ಜಾರುತ್ತವೆ.

ಇನ್ನು ಚೆಲ್ಲಿದ ಹಾಲು. ಮಕ್ಕಳ ಕಾರಿನಲ್ಲಿ ಇದಕ್ಕಿಂತ ಕೆಟ್ಟ ಶತ್ರು ಇಲ್ಲ. ಚೆಲ್ಲಿದ ತಕ್ಷಣ ಉಜ್ಜಬೇಡಿ, ಉಜ್ಜಿದರೆ ಹಾಲು ಸ್ಪಂಜಿನ ಆಳಕ್ಕೆ ಇಳಿಯುತ್ತದೆ. ದಪ್ಪನೆಯ ಒಣ ಟವೆಲ್ ಇಟ್ಟು ಅಂಗೈಯಿಂದ ಒತ್ತಿ, ಒಣ ಭಾಗಕ್ಕೆ ಬದಲಿಸಿ ಮತ್ತೆ ಒತ್ತಿ, ತೇವ ಅಂಟುವುದು ನಿಲ್ಲುವ ತನಕ. ನಂತರ ತಣ್ಣೀರು ಸ್ವಲ್ಪವೇ ಚಿಮುಕಿಸಿ ಮತ್ತೆ ಒತ್ತಿ ಹೀರಿಸಿ. ಬಿಸಿನೀರು, ಸ್ಟೀಮ್ ಎರಡೂ ಬೇಡ. ಹಾಲಿನ ಪ್ರೋಟೀನ್ ಶಾಖಕ್ಕೆ ಗಟ್ಟಿಯಾಗಿ ಎಳೆಗಳಿಗೆ ಕಚ್ಚಿಕೊಳ್ಳುತ್ತದೆ. ಕೊನೆಗೆ ಎನ್‌ಜೈಮ್ (ಹಾಲಿನಂಥ ಕೊಳೆಯನ್ನು ಒಡೆಯುವ ಕಿಣ್ವ) ಇರುವ ಕ್ಲೀನರ್ ಹಾಕಿ. ಇಲ್ಲಿ ಹೆಚ್ಚಿನವರು ಆತುರ ಪಡುತ್ತಾರೆ. ಎನ್‌ಜೈಮ್ ಕೆಲಸ ಮಾಡುವುದು ತೇವ ಇರುವಷ್ಟು ಹೊತ್ತು ಮಾತ್ರ, ಆದ್ದರಿಂದ ಬಾಟಲಿಯ ಮೇಲೆ ಬರೆದಷ್ಟು ಸಮಯ ಅದನ್ನು ಒಣಗಲು ಬಿಡದೆ ಹಾಗೇ ಬಿಡಿ. ಹಾಲು ಎಷ್ಟು ಆಳಕ್ಕೆ ಇಳಿದಿದೆಯೋ ದ್ರಾವಣವೂ ಅಷ್ಟು ಆಳ ತಲುಪಬೇಕು. ನೀರು ಕಡಿಮೆ ಬಳಸಿ ಎಂಬ ಮಾತಿಗೆ ಇದೊಂದೇ ವಿನಾಯಿತಿ. ಅದೇ ಜಾಗಕ್ಕೆ ಬ್ಲೀಚನ್ನೋ ಫಿನಾಯಿಲನ್ನೋ ಸೇರಿಸಿದರೆ ಎನ್‌ಜೈಮ್ ನಿಷ್ಕ್ರಿಯವಾಗಬಹುದು. ಸುಗಂಧದ ಡಬ್ಬಿ ತೂಗುಹಾಕಿದರೆ ಎರಡು ವಾಸನೆ ಸೇರಿ ಮೂರನೆಯದೊಂದು ಹುಟ್ಟುತ್ತದೆ, ಅಷ್ಟೇ.

ವಾಂತಿಯಾದರೂ ಕ್ರಮ ಇದೇ. ಗಟ್ಟಿ ಪದಾರ್ಥವನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಅಂಚಿನಿಂದ ನಡುವಿಗೆ ಬಾಚಿ ತೆಗೆದು, ಉಳಿದದ್ದನ್ನು ಟವೆಲ್ ಒತ್ತಿ ಹೀರಿಸಿ, ಅಡಿಗೆ ಸೋಡಾ ಚೆಲ್ಲಿ, ಒಣಗಿದ ಮೇಲೆ ವ್ಯಾಕ್ಯೂಮ್ ಮಾಡಿ, ಆಮೇಲೆ ಎನ್‌ಜೈಮ್. ಚ್ಯೂಯಿಂಗ್ ಗಮ್ಮಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಇಟ್ಟು ಗಟ್ಟಿಮಾಡಿ ಎಬ್ಬಿಸಿ.

ಒದ್ದೆಯಾದ ಸೀಟು ಒಣಗಿಸಲು ಬಾಗಿಲು ತೆರೆದಿಟ್ಟು ಹೊರಗಿನಿಂದ ಟೇಬಲ್ ಫ್ಯಾನ್ ತಿರುಗಿಸುವುದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗಿನ ದೀಪ ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬ್ಯಾಟರಿ ಇಳಿದಿರುತ್ತದೆ. ಸ್ಪಂಜು ಒಣಗಿದೆಯೇ ಎಂದು ತಿಳಿಯಲು ಮೇಲೆ ಮುಟ್ಟಿದರೆ ಸಾಲದು. ಬಿಳಿ ಟಿಶ್ಯೂ ಇಟ್ಟು ಮೊಣಕಾಲಿನಿಂದ ಬಲವಾಗಿ ಒತ್ತಿ ನೋಡಿ.

ಮಗುವಿನ ಸೀಟಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಹೊರಗವಸನ್ನು ಅದರ ಕೈಪಿಡಿ ಹೇಳಿದಂತೆ ಒಗೆಯಬಹುದು. ಪಟ್ಟಿಗಳನ್ನು ಮಾತ್ರ ನೆನೆಸಬಾರದು, ಯಂತ್ರಕ್ಕೆ ಹಾಕಬಾರದು, ಬ್ಲೀಚ್ ತಾಗಿಸಬಾರದು. ಅಪಘಾತದಲ್ಲಿ ಮಗುವನ್ನು ಹಿಡಿದಿಡುವುದು ಆ ನೇಯ್ಗೆಯೇ, ಅದು ದುರ್ಬಲವಾಗಿದ್ದರೆ ಹೊರಗೆ ಗೊತ್ತೇ ಆಗುವುದಿಲ್ಲ. ಸೌಮ್ಯ ಸೋಪಿನ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಬಕಲ್‌ಗೆ ಎಣ್ಣೆ ಬಿಡಬೇಡಿ. ಸೀಟು ಮರಳಿ ಕೂಡಿಸಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. 2.5 ಸೆಂ.ಮೀ.ಗಿಂತ ಹೆಚ್ಚು ಜರುಗಿದರೆ ಮತ್ತೆ ಬಿಗಿಮಾಡಿ. ಕಾರಿನ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು, ಒಳಗೆ ಹೋಗದಂತೆ ಮೇಲ್ಗಡೆ ಕ್ಲಿಪ್ ಹಾಕಿ, ಹೀಗೆಯೇ ಒರೆಸಿ ರಾತ್ರಿಯಿಡೀ ಒಣಗಲು ಬಿಡಿ.

ಎಲ್ಲ ಸ್ವಚ್ಛವಾದರೂ ಎಸಿ ಹಾಕಿದೊಡನೆ ಕಮಟು ಬಂದರೆ ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ವರ್ಷಕ್ಕೊಮ್ಮೆ ಅಥವಾ ಸುಮಾರು 15,000 ಕಿ.ಮೀ.ಗೆ ಬದಲಿಸುವುದು ವಾಡಿಕೆ, ಧೂಳಿನ ರಸ್ತೆಯಾದರೆ ಇನ್ನೂ ಬೇಗ. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣ ಗಾಳಿ ಹರಿಯುವ ದಿಕ್ಕಿಗೇ ಇರಬೇಕು. ಊರು ಮುಟ್ಟುವ ಕೆಲವು ನಿಮಿಷ ಮುಂಚೆ ಎಸಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಎಸಿಯೊಳಗೆ ಗಾಳಿ ತಂಪು ಮಾಡುವ ಕಾಯಿಲ್ ಒಣಗುತ್ತದೆ, ವಾಸನೆಯೂ ಕಡಿಮೆ. ಮುಂದಿನ ಸೀಟಿನ ಕಾಲಡಿ ಕಾರಣವಿಲ್ಲದೆ ಒದ್ದೆಯಾಗುತ್ತಿದ್ದರೆ ಎಸಿ ನೀರು ಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ಗಾಜು ಕೊನೆಗೆ. ಒಳಗೆ ಮೇಲೆ-ಕೆಳಗೆ, ಹೊರಗೆ ಅಡ್ಡಡ್ಡ ಒರೆಸಿ, ಗೆರೆ ಉಳಿದರೆ ಯಾವ ಬದಿಯದೆಂದು ಥಟ್ಟನೆ ತಿಳಿಯುತ್ತದೆ. ಟಿಂಟ್ ಫಿಲ್ಮ್ ಇದ್ದರೆ ಅಮೋನಿಯಾ ಇಲ್ಲದ ಕ್ಲೀನರೇ ಬೇಕು. ಹಿಂದಿನ ಗಾಜಿನ ಡಿಫಾಗರ್ (ಗಾಜಿಗೆ ಕಟ್ಟಿದ ಮಬ್ಬನ್ನು ಬಿಸಿಯಿಂದ ತೆಗೆಯುವ) ಗೆರೆಗಳ ಉದ್ದಕ್ಕೆ ಮಾತ್ರ ಒರೆಸಿ, ಕೆರೆಯಬೇಡಿ.

ಜೋಡಣೆಯ ವಿಷಯದಲ್ಲಿ ನೋಡಬೇಕಾದ್ದು ಅಂದಕ್ಕಿಂತ ಮೊದಲು ಸುರಕ್ಷೆ. ಚಾಲಕನ ಕಾಲಡಿ ಉರುಳಿ ಬಂದ ನೀರಿನ ಬಾಟಲಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡರೆ ಬ್ರೇಕ್ ಒತ್ತಲಾಗುವುದಿಲ್ಲ. ಅಲ್ಲಿ ಒಂದರ ಮೇಲೊಂದು ಮ್ಯಾಟ್ ಹಾಕುವುದೂ ಅಷ್ಟೇ ಅಪಾಯ, ಜಾರಿದ ಮ್ಯಾಟ್ ಆಕ್ಸಿಲರೇಟರನ್ನು ಒತ್ತಿ ಹಿಡಿಯಬಹುದು. ಮ್ಯಾಟ್ ಒಂದೇ ಇರಲಿ, ನೆಲದ ಕೊಕ್ಕೆಗೆ ಸಿಕ್ಕಿಸಿರಲಿ. ಹಿಂದಿನ ಗಾಜಿನಡಿಯ ಹಲಗೆ ಖಾಲಿ ಇರಲಿ. ಕಸಕ್ಕೆ ಮುಚ್ಚಳದ ಡಬ್ಬಿಯೊಂದನ್ನು ಮಕ್ಕಳ ಕೈಗೆ ಸಿಗುವ ಕಡೆ ಕಟ್ಟಿಡಿ, ಮುಂದೆ ಇಟ್ಟರೆ ಅವರು ಬಳಸುವುದೇ ಇಲ್ಲ. ಪವರ್ ಬ್ಯಾಂಕ್, ಲೈಟರ್, ಒತ್ತಡ ತುಂಬಿದ ಸ್ಪ್ರೇ ಡಬ್ಬಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಡಿಕ್ಕಿಯಲ್ಲಿ ಭಾರದ ಸಾಮಾನು ತಳದಲ್ಲಿ, ಹಿಂದಿನ ಸೀಟಿಗೆ ಆನಿಸಿ ಇರಲಿ. ಮಡಚುವ ಪೆಟ್ಟಿಗೆಯ ಅಡಿಗೆ ವೆಲ್ಕ್ರೋ ಪಟ್ಟಿ ಅಂಟಿಸಿದರೆ ಕಾರ್ಪೆಟ್ಟಿಗೆ ಕಚ್ಚಿಕೊಂಡು ತಿರುವಿನಲ್ಲಿ ಜಾರುವುದಿಲ್ಲ. ಪೆಟ್ಟಿಗೆ ಎಷ್ಟೇ ತುಂಬಿದ್ದರೂ ಸ್ಟೆಪ್ನಿ, ಜಾಕ್ ಬೇಗ ಕೈಗೆ ಸಿಗುವಂತಿರಬೇಕು. ತಿಂಗಳಿಗೊಮ್ಮೆ ಸ್ಟೆಪ್ನಿಯ ಮೇಲಿನ ಮುಚ್ಚಳ ಎತ್ತಿ ಗುಂಡಿಯೊಳಗೆ ಕೈಯಾಡಿಸಿ. ನೀರು ಸಿಕ್ಕರೆ ಒರೆಸಿ ಮುಚ್ಚಿಬಿಡಬೇಡಿ. ಡಿಕ್ಕಿ ಬಾಗಿಲಿನ ರಬ್ಬರ್ ಮತ್ತು ಹಿಂದಿನ ದೀಪದ ಸೀಲಿನ ಬಳಿ ಒಬ್ಬರು ಹೊರಗಿನಿಂದ ನೀರು ಬಿಡುತ್ತಿರುವಾಗ ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಿದರೆ ಸೋರುವ ಜಾಗ ಸಿಗುತ್ತದೆ.