ಬ್ರೌನ್ ಕೌಂಟಿ ಪಾರ್ಕಿನಲ್ಲಿ ಮೌಂಟೇನ್ ಬೈಕ್: ಮಣ್ಣು, ಕಲ್ಲು, ಟೈರಿನ ಗಾಳಿ

ಅಮೆರಿಕದ ಇಂಡಿಯಾನಾ ರಾಜ್ಯ ಎಂದರೆ ಜೋಳದ ಹೊಲ, ಗೆರೆ ಎಳೆದಂಥ ನೇರ ರಸ್ತೆ ಅಂತಲೇ ಎಲ್ಲರ ಲೆಕ್ಕ. ರಾಜ್ಯದ ಉತ್ತರ ಮತ್ತು ಮಧ್ಯಭಾಗದ ಮಟ್ಟಿಗೆ ಅದು ಸರಿಯೇ. ಹಿಮಯುಗದ ಹಿಮನದಿಗಳು ಅಲ್ಲಿನ ನೆಲವನ್ನು ಸವರಿ ಸಪಾಟು ಮಾಡಿದವು. ದಕ್ಷಿಣಕ್ಕಿರುವ ಬ್ರೌನ್ ಕೌಂಟಿಯ ಬಹುಭಾಗ ಅವುಗಳ ಕೈಗೆ ಸಿಗದೆ ಉಳಿಯಿತು. ಹಾಗಾಗಿ ಇಲ್ಲಿ ಗುಡ್ಡಗಳಿವೆ, ಕಿರಿದಾದ ಕೊಳ್ಳಗಳಿವೆ, ಓಕ್ ಮತ್ತು ಹಿಕರಿ ಮರಗಳ ಕಾಡಿದೆ. 1929ರಲ್ಲಿ ಶುರುವಾದ ಬ್ರೌನ್ ಕೌಂಟಿ ಸ್ಟೇಟ್ ಪಾರ್ಕ್ ಸುಮಾರು 16 ಸಾವಿರ ಎಕರೆ ಇದೆ. ಇಂಡಿಯಾನಾದ ಸ್ಟೇಟ್ ಪಾರ್ಕ್‌ಗಳಲ್ಲಿ ಇದೇ ದೊಡ್ಡದು. ಒಳಗೆ 30 ಮೈಲಿಗೂ ಹೆಚ್ಚು ಮೌಂಟೇನ್ ಬೈಕ್ ಟ್ರೇಲ್, ಅಂದರೆ ಕಾಡಿನ ಕಿರುದಾರಿ, ಇದೆ. ಅದರ ಬಹುಪಾಲನ್ನು ಕಡಿದು, ಕಟ್ಟಿ, ಇವತ್ತಿಗೂ ನೋಡಿಕೊಳ್ಳುತ್ತಿರುವವರು ಹೂಜಿಯರ್ ಮೌಂಟೇನ್ ಬೈಕ್ ಅಸೋಸಿಯೇಷನ್‌ನ ಸ್ವಯಂಸೇವಕರು.

ಕಮಿನ್ಸ್ ಕಂಪನಿಯ ಕೇಂದ್ರ ಕಚೇರಿ ಇರುವ ಕೊಲಂಬಸ್ ಊರು ಇಲ್ಲಿಂದ ಅರ್ಧ ಗಂಟೆಯ ದಾರಿ. ವಿಶ್ವವಿದ್ಯಾಲಯದ ಊರು ಬ್ಲೂಮಿಂಗ್ಟನ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಕೆಲಸಕ್ಕೋ ಓದಿಗೋ ಈ ಕಡೆ ಬಂದು, ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತುತ್ತಿದ್ದ ಅಭ್ಯಾಸ ಇರುವವರಿಗೆ ಮೊದಲೇ ಒಂದು ಮಾತು: ನಂದಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಾರ್ಕಿನ ಅತಿ ಎತ್ತರದ ವೀಡ್ ಪ್ಯಾಚ್ ಹಿಲ್ 1,058 ಅಡಿ, ಅಂದರೆ ಸುಮಾರು 322 ಮೀಟರ್. ಒಂದೇ ಏರಿನಲ್ಲಿ ನೂರು ಮೀಟರ್ ಮೇಲೆ ಹೋಗುವ ಜಾಗವೇ ಅಪರೂಪ. ಕಾಲು ಸೋಲುವುದು ದೊಡ್ಡ ಏರಿನಿಂದಲ್ಲ, ಎರಡು ಮೂರು ನಿಮಿಷಕ್ಕೊಮ್ಮೆ ಬರುವ ಸಣ್ಣ ಏರುಗಳಿಂದ. ಒಂದೇ ಲಯದಲ್ಲಿ ಪೆಡಲ್ ತುಳಿದುಕೊಂಡು ಹೋಗುವ ರಸ್ತೆ ಸೈಕಲ್ಲಿನವರು ಮೊದಲ ಗಂಟೆಯಲ್ಲೇ ಸುಸ್ತಾಗುತ್ತಾರೆ.

ಈ ಟ್ರೇಲ್‌ಗಳನ್ನು ಯಾಕೆ ಹೀಗೆ ಕಡಿದಿದ್ದಾರೆ ಎಂದು ತಿಳಿದರೆ ಓಡಿಸುವುದು ಅರ್ಧ ಸುಲಭವಾಗುತ್ತದೆ. ದಾರಿ ಗುಡ್ಡವನ್ನು ನೇರವಾಗಿ ಹತ್ತುವುದಿಲ್ಲ, ಇಳಿಜಾರಿನ ಪಕ್ಕೆಯಲ್ಲಿ ಅಡ್ಡಕ್ಕೆ ಸಾಗುತ್ತದೆ. ಮೆಟ್ಟಿಲಿನಂತೆ ಕಡಿದ ಆ ದಾರಿ ಕೊಳ್ಳದ ಕಡೆಗೆ ತುಸು ವಾಲಿರುತ್ತದೆ, ಸಾಮಾನ್ಯವಾಗಿ ನೂರಕ್ಕೆ ಐದರಷ್ಟು. ಮಳೆನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡಲಾಗಿ ದಾಟಿ ಹೋಗಲಿ ಎಂದೇ ಈ ವಾಲು. ಅದು ಸಾಲದೆಂದು ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ಸಣ್ಣ ತಗ್ಗು, ಅದರ ಹಿಂದೆಯೇ ಒಂದು ಸಣ್ಣ ಉಬ್ಬು ಇರುತ್ತದೆ. ಗ್ರೇಡ್ ರಿವರ್ಸಲ್ ಅನ್ನುವುದು ಇದನ್ನೇ. ಹೇಗೋ ದಾರಿ ಹಿಡಿದು ಬಂದ ನೀರೂ ಆ ತಗ್ಗಿನಲ್ಲಿ ಹೊರಬೀಳಲೇಬೇಕು.

ಹೊಸಬರು ತಗ್ಗು ಕಂಡೊಡನೆ ಬ್ರೇಕ್ ಹಿಡಿಯುತ್ತಾರೆ. ವೇಗ ಸಾಯುತ್ತದೆ, ಮುಂದಿನ ಉಬ್ಬಿಗೆ ಪೆಡಲ್ ಒತ್ತಬೇಕಾಗುತ್ತದೆ, ಉಬ್ಬು ದಾಟಿದ ಮೇಲೆ ಮತ್ತೆ ಬ್ರೇಕ್. ನೂರಾರು ತಗ್ಗುಗಳಿರುವ ದಾರಿಯಲ್ಲಿ ಇದು ಶಕ್ತಿಯನ್ನು ಸುಮ್ಮನೆ ಚೆಲ್ಲಿದಂತೆ. ಬದಲಿಗೆ ತಗ್ಗಿಗೆ ಇಳಿಯುವಾಗ ಕೈಕಾಲು ಚಾಚಿ ಬೈಕನ್ನು ಕೆಳಕ್ಕೆ ಒತ್ತಿ. ಉಬ್ಬಿನ ಮೇಲೆ ಮೊಣಕೈ ಮೊಣಕಾಲು ಮಡಚಿ ಹಗುರಾಗಿ. ಬ್ರೇಕ್ ಬೇಕೇ ಬೇಕೆಂದರೆ ಉಬ್ಬು ದಾಟಿ ಮುಂದಿನ ತಿರುವು ಕಣ್ಣಿಗೆ ಬಿದ್ದ ಮೇಲೆ, ಚಕ್ರ ನೇರ ಇದ್ದಾಗ ಹಿಡಿಯಿರಿ. ಗೇರ್ ಬದಲಿಸುವುದನ್ನು ತಗ್ಗಿಗೆ ಇಳಿಯುವ ಮುಂಚೆ, ಪೆಡಲ್ ಮೇಲೆ ಭಾರ ಇಲ್ಲದಾಗ ಮುಗಿಸಿ. ಏರಿನ ಮಧ್ಯೆ ಇಡೀ ಮೈಭಾರ ಹಾಕಿ ತುಳಿಯುತ್ತಾ ಎರಡು ಮೂರು ಗೇರ್ ಇಳಿಸಿದರೆ, 12 ಸ್ಪೀಡಿನ ತೆಳು ಚೈನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೊರಳುವಾಗಲೇ ಕೊಂಡಿ ಬಿಚ್ಚಿಕೊಳ್ಳಬಹುದು. ತುಂಡಾದ ಚೈನನ್ನು ಜೋಡಿಸುವ, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ ಒಂದು, ಕೆಟ್ಟ ಕೊಂಡಿ ತೆಗೆಯುವ ಚೈನ್ ಬ್ರೇಕರ್ ಒಂದು ಜೇಬಿನಲ್ಲಿರಲಿ.

ಹೊರಕ್ಕೆ ವಾಲಿದ ದಾರಿಯಲ್ಲಿ ತಿರುವುಗಳೂ ಹಲವು ಕಡೆ ಹೊರಕ್ಕೇ ವಾಲಿರುತ್ತವೆ. ಅಲ್ಲಿ ದೇಹವನ್ನು ಒಳಕ್ಕೆ ಬಾಗಿಸಿದರೆ ಮುಂದಿನ ಚಕ್ರ ಜಾರುವುದು ಖಾತ್ರಿ. ಹೊರಗಿನ ಪೆಡಲ್ ಕೆಳಗಿಟ್ಟು, ಭಾರವನ್ನೆಲ್ಲ ಅದರ ಮೇಲೆ ಹೇರಿ, ಬೈಕನ್ನು ಮಾತ್ರ ಒಳಕ್ಕೆ ವಾಲಿಸಿ.

ಇನ್ನು ಯಾವ ಟ್ರೇಲ್ ಎಂಬ ಪ್ರಶ್ನೆ. ಉತ್ತರದ ಗೇಟಿನ ಹತ್ತಿರ ಪೈನ್ ಲೂಪ್ ಇದೆ, ಚಿಕ್ಕದು, ಸುಲಭ. ಮೈ ಬಿಸಿಯಾಗಲಿಕ್ಕೆ, ಬ್ರೇಕ್ ಗೇರ್ ಪರೀಕ್ಷಿಸಲಿಕ್ಕೆ ಸಾಕು. ಅದಾದ ಮೇಲೆ ನಾರ್ತ್ ಟವರ್ ಲೂಪ್, ಅಲ್ಲಿಂದ ಏನ್ಸ್ ಲೂಪ್. ಎರಡೂ ಮಧ್ಯಮ ದರ್ಜೆಯವು, ಒಂದೊಂದೂ ಮೂರು ಮೈಲಿಯ ಮೇಲೆ. ಏನ್ಸ್‌ನಿಂದ ಕವಲೊಡೆದು ಮೇಲಕ್ಕೆ ಹೋಗುವುದು ಹೆಸಿಟೇಶನ್ ಪಾಯಿಂಟ್ ಟ್ರೇಲ್, ಸುಮಾರು ಎರಡು ಮೈಲಿ. ತುದಿಯಲ್ಲಿ ಕಾರಿನವರೂ ಬಂದು ಫೋಟೋ ತೆಗೆಸಿಕೊಳ್ಳುವ ವ್ಯೂ ಪಾಯಿಂಟ್. ಹೋದ ದಾರಿಯಲ್ಲೇ ಇಳಿದು ಬಂದರೂ ಬೇಸರವಾಗದ ಟ್ರೇಲ್ ಅದು. ಇದಿಷ್ಟನ್ನೂ ಸೇರಿಸಿದರೆ ಹೆಚ್ಚುಕಡಿಮೆ 11 ಮೈಲಿ ಆಗುತ್ತದೆ. ಮಧ್ಯಮ ಅಭ್ಯಾಸದವರು ಎರಡು ಗಂಟೆ ಇಟ್ಟುಕೊಳ್ಳಿ. ಮೊದಲ ಸಲ ಬರುವವರಿಗೆ ಇದಕ್ಕಿಂತ ಒಳ್ಳೆಯ ಸುತ್ತು ಈ ಪಾರ್ಕಿನಲ್ಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗ್ರೀನ್ ವ್ಯಾಲಿ ಉದ್ದ ಜಾಸ್ತಿ, ಜನ ಕಡಿಮೆ. ಹಾಬ್ಸ್ ಹಾಲೋ ಬೇರೆಯೇ ಜಾತಿ: ಬರ್ಮ್ (ತಿರುವಿನ ಅಂಚಿಗೆ ಕಟ್ಟಿದ ಮಣ್ಣಿನ ದಿಬ್ಬ), ಜಂಪ್ ಇಟ್ಟು ಕಟ್ಟಿದ, ತಡೆಯಿಲ್ಲದೆ ಹರಿದಂತೆ ಸಾಗುವ ಫ್ಲೋ ಟ್ರೇಲ್.

ವಾಲ್ನಟ್ ಮತ್ತು ಸ್ಕೂನರ್ ಟ್ರೇಸ್ ಕಲ್ಲಿನ ದಾರಿಗಳು. ಸ್ಕೂನರ್ ಟ್ರೇಸ್‌ಗೆ ಕಠಿಣ ದಾರಿ ಎನ್ನುವ ಕಪ್ಪು ವಜ್ರದ ಗುರುತು ಇದೆ, ಸುಮ್ಮನೆ ಕೊಟ್ಟದ್ದಲ್ಲ. ಕಡಿದಾದ ಏರು, ಹಳ್ಳದ ಕಲ್ಲುಗಳು, ಅಡ್ಡ ಬಿದ್ದ ದಿಮ್ಮಿಗಳು ಎಲ್ಲ ಸಿಗುತ್ತವೆ. ನಾರ್ತ್ ಟವರ್, ಏನ್ಸ್ ದಾರಿಗೆ 120 ಮಿ.ಮೀ. ಫೋರ್ಕಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೈಕ್) ಧಾರಾಳವಾಗಿ ಸಾಕು. ಸ್ಕೂನರ್‌ಗೆ ಮಾತ್ರ ಎರಡೂ ಚಕ್ರಕ್ಕೆ 120ರಿಂದ 140 ಮಿ.ಮೀ. ಫುಲ್ ಸಸ್ಪೆನ್ಷನ್ ಇದ್ದರೆ ಸೊಂಟ ನಿಮಗೆ ಕೃತಜ್ಞವಾಗಿರುತ್ತದೆ. ಅದಕ್ಕಿಂತ ಹೆಚ್ಚು ಟ್ರಾವೆಲ್ (ಸಸ್ಪೆನ್ಷನ್ ಕುಗ್ಗುವ ದೂರ) ಇರುವ ಭಾರದ ಬೈಕ್ ಇಲ್ಲಿನ ಸಣ್ಣ ಏರುಗಳಲ್ಲಿ ಬರೀ ಹೊರೆ.

ಟೈರಿನ ಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಸವಾರಿ ಕೆಡುವುದು ಹೆಚ್ಚಾಗಿ ಇದರಿಂದಲೇ. ಅಂಗಡಿಯಿಂದ ಬಂದ ಬೈಕಿನಲ್ಲಿ 35–40 ಪಿಎಸ್‌ಐ ಇರುವುದುಂಟು. ಅಷ್ಟು ಗಾಳಿಯಿದ್ದರೆ ಟೈರು ಬೇರಿನ ಮೇಲಿಂದ ಪುಟಿಯುತ್ತದೆ, ನೆಲ ಕಚ್ಚುವುದಿಲ್ಲ. ಸುಮಾರು 75 ಕೆ.ಜಿ. ತೂಕದವರು, 29 ಇಂಚಿನ ಚಕ್ರ, 2.4 ಅಗಲದ ಟ್ಯೂಬ್‌ಲೆಸ್ ಟೈರ್ ಆದರೆ ಮುಂದೆ 21–22, ಹಿಂದೆ 24–25ರಿಂದ ಶುರುಮಾಡಿ. ತೂಕ ಐದು ಕೆ.ಜಿ. ಹೆಚ್ಚಿದರೆ ಒಂದು ಪಿಎಸ್‌ಐ ಏರಿಸಿ. ಸ್ಕೂನರ್‌ಗೆ ಹೋಗುವ ದಿನ ಹಿಂದಿನ ಟೈರಿಗೆ ಇನ್ನೆರಡು ಸೇರಿಸಿ, ಇಲ್ಲದಿದ್ದರೆ ಚಪ್ಪಟೆ ಕಲ್ಲಿನ ಅಂಚಿಗೆ ರಿಮ್ ಟಣ್ ಎಂದು ಬಡಿಯುತ್ತದೆ. ಸದ್ದು ಒಮ್ಮೆ ಕೇಳಿದರೆ ಪರವಾಗಿಲ್ಲ, ಮೇಲಿಂದ ಮೇಲೆ ಕೇಳಿದರೆ ಗಾಳಿ ಕಡಿಮೆ ಎಂದೇ ಅರ್ಥ. ದೊಡ್ಡ ಫ್ಲೋರ್ ಪಂಪಿನ ಮುಳ್ಳು 20ರ ಆಸುಪಾಸಿನಲ್ಲಿ ನಂಬಿಕೆಗೆ ಅರ್ಹವಲ್ಲ, ಪ್ರತ್ಯೇಕ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ. ಟ್ಯೂಬ್ ಹಾಕಿರುವವರು ಈ ಅಂಕಿಗಳನ್ನು ಅನುಸರಿಸಬೇಡಿ. ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಅವರಿಗೆ 28–30 ಬೇಕು.

ತೂತನ್ನು ಒಳಗಿಂದಲೇ ಮುಚ್ಚುವ ದ್ರವ, ಸೀಲಂಟ್, ಒಂದು ಟೈರಿಗೆ 100–120 ಮಿ.ಲೀ. ಬೇಸಿಗೆಯಲ್ಲಿ ಬಿಸಿಗೆ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ವಾಲ್ವ್ ಕೋರ್ ಬಿಚ್ಚಿ 60 ಮಿ.ಲೀ. ಸೇರಿಸಿ. ಚಕ್ರ ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಬರದಿದ್ದರೆ ಟೈರು ಟ್ಯೂಬ್‌ಲೆಸ್ ಅನ್ನುವುದು ಹೆಸರಿಗಷ್ಟೇ.

ಸಸ್ಪೆನ್ಷನ್‌ನಲ್ಲಿ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೇ ಅದು ಎಷ್ಟು ಕುಗ್ಗುತ್ತದೆ ಎಂಬುದು, ಮೊದಲು. ನೀರಿನ ಚೀಲ ಸಮೇತ ಪೆಡಲ್ ಮೇಲೆ ನಿಂತು, ಫೋರ್ಕ್, ಶಾಕಿನ ಮೇಲಿರುವ ರಬ್ಬರ್ ಉಂಗುರ ಕೆಳಗೆ ತಳ್ಳಿ, ಪುಟಿಯದೆ ಮೆಲ್ಲಗೆ ಇಳಿದು ನೋಡಿ. ಮುಂದೆ ಶೇ. 20–25, ಹಿಂದೆ ಶೇ. 28–30. ಹಿಂದಿನ ಶಾಕಿನ ಸ್ಟ್ರೋಕ್ 50 ಮಿ.ಮೀ. ಇದ್ದರೆ ಉಂಗುರ 14–15 ಮಿ.ಮೀ.ಗೆ ಬರಬೇಕು. ರೀಬೌಂಡ್ (ಕುಗ್ಗಿದ ಸಸ್ಪೆನ್ಷನ್ ಮತ್ತೆ ಮೇಲೇಳುವ ವೇಗ) ತೀರಾ ನಿಧಾನ ಇಟ್ಟರೆ ವಾಲ್ನಟ್‌ನಂಥ ಕಡೆ ಒಂದರ ಹಿಂದೊಂದು ಕಲ್ಲು ಬರುವಾಗ ಫೋರ್ಕ್ ಪೂರ್ತಿ ಮೇಲೇಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಮೂರನೇ ನಾಲ್ಕನೇ ಕಲ್ಲಿಗೆ ಟ್ರಾವೆಲ್ ಉಳಿದೇ ಇರುವುದಿಲ್ಲ. ಮೊದಲ ಕಲ್ಲು ಮೆತ್ತಗೆ, ಆಮೇಲಿನವು ಗಟ್ಟಿ ಅನ್ನಿಸುತ್ತಿದ್ದರೆ ಕಾರಣ ಇದೇ. ಗಾಳಿ ಬದಲಿಸಬೇಡಿ, ರೀಬೌಂಡನ್ನು ಎರಡು ಕ್ಲಿಕ್ ವೇಗ ಮಾಡಿ.

ಈಗ ಮಳೆಯ ಮಾತು. ಇಲ್ಲಿನ ಮಣ್ಣಿನಲ್ಲಿ ಜೇಡಿ ಜಾಸ್ತಿ. ಒಣಗಿದಾಗ ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿ, ವೇಗ. ಒದ್ದೆಯಾದಾಗ ಟೈರಿನ ಮೇಲೆದ್ದ ರಬ್ಬರ್ ಗುಬ್ಬಿಗಳ ನಡುವೆ ತುಂಬಿ ಹಿಡಿತವೇ ಇರುವುದಿಲ್ಲ. ಬಿದ್ದರೆ ಬಿದ್ದವರ ಹಣೆಬರಹ, ಆದರೆ ಟ್ರೇಲಿಗೆ ಆಗುವ ಹಾನಿ ಎಲ್ಲರದು. ಮೆತ್ತಗಿನ ಜೇಡಿಯಲ್ಲಿ ಟೈರು ಕೊರೆದ ಗೀರು ಹಾಗೇ ಒಣಗುತ್ತದೆ. ಮುಂದಿನ ಮಳೆಯ ನೀರು ಅಡ್ಡ ದಾಟಿ ಹೋಗದೆ ಆ ಗೀರಿನೊಳಗೆ ಹರಿದು ಅದನ್ನೇ ಕಾಲುವೆ ಮಾಡುತ್ತದೆ. ಶೇ. 5ರ ವಾಲು ಅಲ್ಲಿಗೆ ವ್ಯರ್ಥ. ಅದನ್ನು ಸರಿಮಾಡಲು ಯಾರೋ ಒಂದು ಶನಿವಾರ ಪೂರ್ತಿ ಗುದ್ದಲಿ ಹಿಡಿಯಬೇಕು. ಪರೀಕ್ಷೆ ಸುಲಭ: ಹತ್ತಿಪ್ಪತ್ತು ಅಡಿ ಹೋಗಿ ಹಿಂತಿರುಗಿ ನೋಡಿ. ಗುಬ್ಬಿಗಳ ಅಚ್ಚು ಮಾತ್ರ ಇದ್ದರೆ ಮುಂದುವರಿಯಿರಿ. ತಗ್ಗು ಬಿದ್ದ ಗೆರೆ ಕಂಡರೆ ಕಾರಿನ ಕಡೆ ಹೊರಡಿ. ಒಣ ದಾರಿಯ ಮಧ್ಯೆ ಎಲ್ಲೋ ಒಂದು ಕೊಚ್ಚೆ ಗುಂಡಿ ಸಿಕ್ಕರೆ ಸುತ್ತಿ ಬಳಸಬೇಡಿ, ನಡುವೆಯೇ ಹೋಗಿ. ಎಲ್ಲರೂ ಬಳಸಿದರೆ ಎರಡು ಅಡಿ ದಾರಿ ಆರು ಅಡಿಯಾಗುತ್ತದೆ.

ಮಳೆಗಿಂತ ಮೋಸದ್ದು ಚಳಿಗಾಲದ ಹೆಪ್ಪು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ನೆಲ ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲಿಗೆ ಮೇಲಿನ ಒಂದಿಂಚು ಮಾತ್ರ ಕರಗುತ್ತದೆ. ಕೆಳಗಿನ ಗಟ್ಟಿ ಪದರ ನೀರು ಇಂಗಲು ಬಿಡುವುದಿಲ್ಲ. ಹಾಗಾಗಿ ವಾರದಿಂದ ಹನಿ ಮಳೆ ಬಾರದಿದ್ದರೂ ದಾರಿ ಬೆಣ್ಣೆ ಸವರಿದಂತಿರುತ್ತದೆ. ಅಂಥ ದಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿರುವಾಗಲೇ, ಬೆಳಗ್ಗೆ ಬೇಗ ಹೋಗಿ ಮುಗಿಸಬೇಕು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳು ಮೊದಲು ಕರಗುತ್ತವೆ.

ಹಳ್ಳ ದಾಟುವಲ್ಲಿ ಚಪ್ಪಟೆ ಕಲ್ಲು ಹಾಸಿರುವ ಜಾಗಗಳಲ್ಲಿ ಪಾಚಿ ಇರುತ್ತದೆ. ಬ್ರೇಕ್ ಬಿಟ್ಟು, ಪೆಡಲ್ ನಿಲ್ಲಿಸಿ, ನೇರಕ್ಕೆ ದಾಟಿ. ಹ್ಯಾಂಡಲ್ ತಿರುಗಿಸುವುದೆಲ್ಲ ಆಚೆ ದಡದಲ್ಲಿ.

ಅಕ್ಟೋಬರ್ ಮಧ್ಯದ ಎಲೆಯ ಬಣ್ಣ ನೋಡಲು ಜನ ಕಿಕ್ಕಿರಿಯುತ್ತಾರೆ. ಶನಿವಾರ ಹತ್ತು ಗಂಟೆಯ ಮೇಲೆ ನ್ಯಾಶ್‌ವಿಲ್ ಊರಿನಿಂದ ಗೇಟಿನವರೆಗೂ ಕಾರುಗಳ ಸಾಲು. ಇದು ಇಂಡಿಯಾನಾದ ಪುಟ್ಟ ನ್ಯಾಶ್‌ವಿಲ್, ಜಿಪಿಎಸ್‌ನಲ್ಲಿ ಟೆನೆಸಿಯದನ್ನು ಒತ್ತೀರಿ ಜೋಕೆ. ಬೈಕಿಗೆ ಆ ತಿಂಗಳ ನಿಜವಾದ ತೊಂದರೆ ಉದುರಿದ ಓಕ್ ಎಲೆ. ಅದರಡಿಯ ಬೇರು, ಕಲ್ಲು ಕಾಣುವುದಿಲ್ಲ. ಕಡ್ಡಿಯೊಂದು ಎದ್ದು ಹಿಂದಿನ ಡಿರೇಲರ್‌ಗೆ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸಿಕ್ಕಿಕೊಂಡರೆ ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಬಾಗುತ್ತದೆ. ಕರಕರ ಸದ್ದು ಕೇಳಿದ ಕ್ಷಣ ತುಳಿಯುವುದನ್ನು ನಿಲ್ಲಿಸಿ. ಇನ್ನೊಂದು ಸುತ್ತು ತುಳಿದರೆ ಡಿರೇಲರ್ ಚಕ್ರದ ಸ್ಪೋಕ್‌ಗಳೊಳಗೆ ಹೋಗಿ ಚಕ್ರವೂ ಕೆಡುತ್ತದೆ. ಬೈಕನ್ನು ಹಿಂದಕ್ಕೆ ಅರ್ಧ ಸುತ್ತು ಉರುಳಿಸಿ ಕಡ್ಡಿ ತೆಗೆಯಿರಿ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದು ಸದಾ ಜೊತೆಗಿರಲಿ. 2019ರಲ್ಲಿ ಬಿಡಿಭಾಗಗಳ ಕಂಪನಿ ಸ್ರ್ಯಾಮ್ ತಂದ ಯುಡಿಎಚ್ (ಹಲವು ಕಂಪನಿಗಳ ಫ್ರೇಮಿಗೆ ಒಂದೇ ಹ್ಯಾಂಗರ್) ಮಾದರಿ ನಿಮ್ಮ ಫ್ರೇಮಿನಲ್ಲಿದ್ದರೆ ಬಹುತೇಕ ಬೈಕ್ ಅಂಗಡಿಗಳಲ್ಲಿ ಸಿಗುತ್ತದೆ.

ಕೊಳ್ಳಗಳಲ್ಲಿ ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಜುಲೈನಲ್ಲಿ ತಲಾ ಎರಡು ಲೀಟರ್ ನೀರು. ಮೇ ತಿಂಗಳಿಂದ ರಕ್ತ ಹೀರುವ ಉಣ್ಣಿಗಳ ಕಾಟ. ಸಾಕ್ಸ್, ಚಡ್ಡಿಗೆ ಹಿಂದಿನ ದಿನವೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಸ್ನಾನಕ್ಕೆ ಮುಂಚೆ ಮೊಣಕಾಲ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ದಾರಿಯ ಅಂಚಿನ, ಮೈಗೆ ತುರಿಕೆ ತರುವ ಮೂರೆಲೆಯ ಪಾಯ್ಸನ್ ಐವಿ ಬಳ್ಳಿ ಮುಟ್ಟಬೇಡಿ. ಬಿಸಿಲು ಬಿದ್ದ ಕಲ್ಲಿನ ಮೇಲೆ ವಿಷದ ಹಾವು ಟಿಂಬರ್ ರ್‍ಯಾಟಲ್‌ಸ್ನೇಕ್ ಮಲಗಿರಬಹುದು. ಇಂಡಿಯಾನಾದಲ್ಲಿ ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಹಾವು. ದೂರ ನಿಂತು ಅದಾಗಿಯೇ ಸರಿದುಹೋಗಲು ಬಿಡಿ. ಕುದುರೆ ಸವಾರರಿಗೆ ಬೇರೆಯೇ ದಾರಿಗಳಿವೆ, ಅಲ್ಲಿಗೆ ಬೈಕ್ ನುಗ್ಗಿಸುವಂತಿಲ್ಲ. ಬೈಕ್ ದಾರಿಯಲ್ಲಿ ಏರಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು.

ಕಾರಿನ ತಲೆಯ ಮೇಲೆ ಬೈಕ್ ಕಟ್ಟಿಕೊಂಡು ಬರುವವರು ಗಮನಿಸಿ: ಉತ್ತರದ ಗೇಟಿನಲ್ಲಿ 1838ರಲ್ಲಿ ಕಟ್ಟಿದ ಮರದ ಮುಚ್ಚು ಸೇತುವೆ (ಮೇಲೆ ಸೂರು ಇರುವ ಸೇತುವೆ) ಇದೆ. ರ್‍ಯಾಂಪ್ ಕ್ರೀಕ್‌ನ ಈ ಸೇತುವೆಯನ್ನು 1932ರಲ್ಲಿ ತಂದು ಇಲ್ಲಿ ಕೂರಿಸಿದ್ದು. ರಾಜ್ಯದ ಮುಚ್ಚು ಸೇತುವೆಗಳಲ್ಲಿ ಅತಿ ಹಳೆಯದು. ಅದರ ಸೂರು ತಗ್ಗು. ಎಸ್‌ಯುವಿ ಮೇಲೆ ನಿಲ್ಲಿಸಿದ ಬೈಕಿನ ಸೀಟು ಸುಲಭವಾಗಿ ಹತ್ತು ಅಡಿ ಮುಟ್ಟುತ್ತದೆ. ದೊಡ್ಡ ಆರ್‌ವಿಗಳನ್ನು (ಮನೆಯಂತೆ ವಾಸಿಸುವ ವಾಹನ) ಕಳಿಸುವ ಪಶ್ಚಿಮದ ಗೇಟಿನಿಂದಲೇ ಬನ್ನಿ, ಇಲ್ಲವೇ ಸೇತುವೆಗೆ ಮುಂಚೆ ಬೈಕ್ ಇಳಿಸಿ ಓಡಿಸಿಕೊಂಡು ಹೋಗಿ.

ನವೆಂಬರ್‌ನಲ್ಲಿ ಬರುವವರು ಹೊರಡುವ ಮೊದಲು ದಿನಾಂಕ ನೋಡಿಕೊಳ್ಳಿ. ಜಿಂಕೆಗಳು ಮಿತಿಮೀರಿ ಕಾಡಿನ ಎಳೆ ಗಿಡಗಳನ್ನೆಲ್ಲ ಮೇಯ್ದುಬಿಡುತ್ತಿದ್ದ ಕಾರಣ 1993ರಲ್ಲಿ ಇದೇ ಪಾರ್ಕಿನಲ್ಲಿ ನಿಯಂತ್ರಿತ ಬೇಟೆ ಶುರುವಾಯಿತು. ಆಮೇಲೆ ಬೇರೆ ಸ್ಟೇಟ್ ಪಾರ್ಕ್‌ಗಳಿಗೂ ಹಬ್ಬಿತು. ಬೇಟೆಗೆ ಗೊತ್ತುಮಾಡಿದ ದಿನಗಳಲ್ಲಿ, ಸಾಮಾನ್ಯವಾಗಿ ವಾರದ ಶುರುವಿನ ಎರಡೆರಡು ದಿನ, ಪಾರ್ಕಿನ ಒಳಗೆ ಬೇರೆ ಯಾರಿಗೂ ಪ್ರವೇಶವಿಲ್ಲ.