ಇಎಂಟಿ ಕೋರ್ಸು: ಕೈಗಿಂತ ಬಾಯಿಗೇ ಜಾಸ್ತಿ ಕೆಲ್ಸ

ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಟ್ರೈನಿಂಗಿಗೆ ಸೇರ್ಕೊಂಡೆ ಅಂತ ವಾಟ್ಸಾಪಲ್ಲಿ ಸ್ಟೇಟಸ್ ಹಾಕಿದ್ದೇ ತಡ, "ಏನ್ ಮಗಾ, ಆಂಬುಲೆನ್ಸ್ ಓಡಿಸ್ತೀಯಾ" ಅಂತ ಒಬ್ಬರಾದ ಮೇಲೆ ಒಬ್ಬರು. ಓಡಿಸೋರು ಬೇರೆ ಕಣ್ರಪ್ಪಾ, 108ರಲ್ಲಿ ಅವರನ್ನ ಪೈಲಟ್ ಅಂತಾರೆ, ಹಿಂದೆ ಪೇಷಂಟ್ ಜೊತೆ ಕೂತ್ಕೊಳ್ಳೋರು ಇಎಂಟಿ. ನಮ್ ರಾಜ್ಯದಲ್ಲಿ 108 ಶುರುವಾಗಿದ್ದು 2008ರ ನವೆಂಬರಲ್ಲಿ, ಇವತ್ತಿಗೂ ಹಿಂದೆ ಕೂತಿರೋರು ಏನ್ ಮಾಡ್ತಾರೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮ್ಮ ಅಂತೂ "ಆ ಸೈರನ್ ಕೇಳಿದ್ರೇ ಎದೆ ಝಲ್ ಅಂತದೆ, ಅದರೊಳಗೇ ಕೂತ್ಕೊಂಡು ಓಡಾಡ್ತೀಯೇನೋ" ಅಂದ್ಲು.

ನಾನು ಮುಂಚೆ ನಮ್ ಕೋಲಾರದ ಹತ್ರ ನರಸಾಪುರದಲ್ಲಿ ಫ್ಯಾಕ್ಟರಿ ಕೆಲ್ಸಕ್ಕೆ ಹೋಗ್ತಿದ್ದೆ. ದಿನಾ ಚೆನ್ನೈ ಹೈವೇಲೇ ಓಡಾಟ, ಆಕ್ಸಿಡೆಂಟ್ ಆದಾಗ ನಮ್ ಜನ ಒಳ್ಳೇ ಮನಸ್ಸಿಂದಾನೇ ಓಡಿ ಬರ್ತಾರೆ, ಆದ್ರೆ ಬಿದ್ದಿರೋನ ಕೈಕಾಲು ಹಿಡ್ಕೊಂಡು ಎತ್ತಿ ಆಟೋಗೆ ಮಡಚಿ ಹಾಕ್ತಾರೆ, ಪ್ರಜ್ಞೆ ಇಲ್ಲದೋನ ಬಾಯಿಗೆ ನೀರು ಬಿಡ್ತಾರೆ. ಇದನ್ನ ನೋಡಿ ನೋಡಿ ಸಾಕಾಗಿ ಸೇರ್ಕೊಂಡಿದ್ದು.

ಸಿಪಿಆರ್ (ಎದೆಬಡಿತ ನಿಂತೋರ ಎದೆ ಒತ್ತೋದು), ಕತ್ತು ಅಲ್ಲಾಡದಂಗೆ ಕಾಲರ್ ಹಾಕೋದು, ಬೆನ್ನುಮೂಳೆಗೆ ಪೆಟ್ಟಾಗದಂಗೆ ಸ್ಪೈನ್ ಬೋರ್ಡ್ ಅನ್ನೋ ಹಲಗೆಗೆ ಉರುಳಿಸೋದು, ಇವೆಲ್ಲ ಬೊಂಬೆ ಮೇಲೆ, ಒಬ್ಬರ ಮೇಲೊಬ್ಬರು ಮಾಡಿ ಮಾಡಿ ಕೈಗೆ ಕೂತ್ಬಿಡುತ್ತೆ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ ಎದೆ ಒತ್ತೋದು ಅಂದ್ರೆ ಸುಮ್ನೆ ಅಲ್ಲ, ಎರಡೇ ನಿಮಿಷಕ್ಕೆ ಬೆವರು ಕಿತ್ಕೊಂಡು ಬರುತ್ತೆ, ಅದಕ್ಕೇ ಎರಡು ನಿಮಿಷಕ್ಕೊಂದ್ಸಲ ಆಳು ಬದಲಾಯಿಸ್ಬೇಕು. ಇರ್ಲಿ, ಇದು ಯೂಟ್ಯೂಬಲ್ಲೂ ಸಿಗುತ್ತೆ.

ಕಷ್ಟ ಇರೋದು ಕೇಳೋದ್ರಲ್ಲಿ. ಏನಾಗ್ತಿದೆ, ಯಾವ್ದಾದ್ರೂ ಅಲರ್ಜಿ ಇದ್ಯಾ, ಯಾವ ಮಾತ್ರೆ ತಗೋತಾರೆ, ಮುಂಚೆ ಏನಾದ್ರೂ ಕಾಯಿಲೆ ಇತ್ತಾ, ಕೊನೇ ಸಲ ಏನು ತಿಂದ್ರು, ಇದು ಶುರು ಆಗೋ ಮುಂಚೆ ಏನಾಯ್ತು. ಬುಕ್ಕಲ್ಲಿ ಈ ಪ್ರಶ್ನೆಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಇದಕ್ಕೆ ಸ್ಯಾಂಪಲ್ (SAMPLE) ಹಿಸ್ಟರಿ ಅಂತಾರೆ. ಓದೋಕೆ ಸುಲಭ, ಹತ್ತು ಜನ ಸುತ್ಕೊಂಡು ಕೂಗಾಡ್ತಿರುವಾಗ ಕೇಳಿ ನೋಡಿ. ಎಮರ್ಜೆನ್ಸಿ ವಾರ್ಡ್ ಪೋಸ್ಟಿಂಗಲ್ಲಿ ಬಂಗಾರಪೇಟೆ ಕಡೆಯ ಒಬ್ಬ ತಾತನ್ನ ಕರ್ಕೊಂಡು ಬಂದ್ರು, ಮೈಯೆಲ್ಲ ಬೆವರು, ಮಾತು ತೊದಲ್ತಿದೆ, ಒಬ್ಬ ಮಗ ಲಕ್ವ ಅಂತಾನೆ, ಇನ್ನೊಬ್ಬ ಕುಡಿದವ್ನೆ ಅಂತಾನೆ. ಸಿಸ್ಟರ್ ಇಬ್ಬರನ್ನೂ ಬಿಟ್ಟು ಹಿಂದೆ ಸುಮ್ನೆ ನಿಂತಿದ್ದ ಅಜ್ಜಿ ಹತ್ರ ಹೋಗಿ ತೆಲುಗಲ್ಲಿ "ಪೊದ್ದುನ್ನೆ ಏಮನ್ನಾ ತಿನ್ನಾಡಾ ಅಮ್ಮಾ" (ಬೆಳಗ್ಗೆ ಏನಾದ್ರೂ ತಿಂದ್ರಾ ಅಮ್ಮಾ) ಅಂದ್ರು. ಅಜ್ಜಿ ಹೇಳಿದ್ದು, ಶುಗರ್ ಮಾತ್ರೆ ನುಂಗಿದ್ದು ನಿಜ, ತಿಂಡಿ ಮುಟ್ಟಿಲ್ಲ. ಗ್ಲುಕೋಮೀಟರಲ್ಲಿ ನೋಡಿದ್ರೆ ಶುಗರ್ ಪಾತಾಳಕ್ಕೆ ಇಳಿದಿತ್ತು, ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹೋಗಿ ಸ್ವಲ್ಪ ಹೊತ್ತಿಗೆ ತಾತ ಎದ್ದು ಕೂತು "ನನ್ ಚಪ್ಪಲಿ ಎಲ್ಲಿ" ಅಂತ ಜೋರು ಮಾಡ್ದ. ಆದ್ರೂ ಮನೆಗೆ ಕಳಿಸ್ಲಿಲ್ಲ, ಕೆಲವು ಮಾತ್ರೆ ಎಷ್ಟೋ ಹೊತ್ತು ಶುಗರ್ ಇಳಿಸ್ತಾನೇ ಇರ್ತವೆ.

ನಮ್ ಕಡೆ ಇನ್ನೊಂದಿದೆ, ಔಷಧಿ ಕೇಸು, ಅಂದ್ರೆ ಬೆಳೆಗೆ ಹೊಡೆಯೋ ಕೀಟನಾಶಕ. ಟೊಮೇಟೊ ತೋಟ ಇರೋ ಮನೇಲಿ ಹೊಡೆಯೋ ಔಷಧಿ ಇದ್ದೇ ಇರುತ್ತೆ. ಗಾಳಿಗೆ ಮೈಮೇಲೆ ಬಿದ್ದಿರ್ಬಹುದು, ಒಳಗೇ ಹೋಗಿರ್ಬಹುದು, ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರ್ಕೊಂಡು ಮನೆಯೋರು "ಹೊಟ್ಟೆನೋವು ಸಾರ್" ಅಂತಾರೆ ಅಷ್ಟೇ. ಬಾಯಲ್ಲಿ ಜೊಲ್ಲು ಸುರೀತಿದ್ರೆ, ಕಣ್ಣಿನ ಪಾಪೆ ಸೂಜಿಮೊನೆ ಥರ ಆಗಿದ್ರೆ ಅನುಮಾನ ಪಡಲೇಬೇಕು. ಆಗ "ಏನ್ ಮಾಡ್ಕೊಂಡ್ರು" ಅಂತ ದಬಾಯಿಸಿದ್ರೆ ಬಾಯಿ ಬಿಡಲ್ಲ, "ಅಣ್ಣಾ, ಆ ಬಾಟಲಿ ಕೊಟ್ರೆ ಡಾಕ್ಟ್ರಿಗೆ ಬೇಗ ಗೊತ್ತಾಗುತ್ತೆ" ಅಂದ್ರೆ ಕೊಡ್ತಾರೆ ಅಂತ ನಮ್ ಸರ್ ಹೇಳ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿದ್ರೆ ಇನ್ನೊಂದು ಕಷ್ಟ. ಮೈಮೇಲೆ ಬಿದ್ದಿದ್ರೆ ಗ್ಲೌಸ್ ಹಾಕ್ಕೊಂಡು ಬಟ್ಟೆ ಬಿಚ್ಚಿಸಿ ತೊಳೀಬೇಕು.

ಹಾವು ಕಚ್ಚಿದ್ರೆ ಇದಕ್ಕೆ ಉಲ್ಟಾ. ಬಾಟಲಿ ತರ್ಬೇಕು, ಹಾವು ತರ್ಬಾರ್ದು! ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ನಮ್ಮಲ್ಲಿ ಕೊಡೋದು ಒಂದೇ ಇಂಜೆಕ್ಷನ್, ಹಾವು ಹುಡುಕ್ತಾ ಕೂತ್ರೆ ಹೊತ್ತು ಹೋಯ್ತು, ಇನ್ನೊಬ್ಬನಿಗೂ ಕಚ್ತು. ಎಷ್ಟು ಗಂಟೆಗೆ ಕಚ್ಚಿದ್ದು ಅಂತ ಕೇಳಿ, ಊತ ಎಲ್ಲಿವರೆಗಿದೆ ಅಂತ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೀಬೇಕು, ಹಗ್ಗ ಬಿಗಿಯೋದೆಲ್ಲ ಬೇಡ, ಕಾಲು ಅಲ್ಲಾಡದಂಗೆ ಇಟ್ರೆ ಸಾಕು.

ಸೇರ್ಬೇಕು ಅಂತಿರೋರಿಗೆ ಒಂದು ಮಾತು. ನಾನು ಮೊದಲು ವಿಚಾರಿಸಿದ ಜಾಗದಲ್ಲಿ ಗೋಡೆ ತುಂಬ 100% ಜಾಬ್ ಅಂತ ಪೋಸ್ಟರು, ಆಂಬುಲೆನ್ಸ್ ಒಳಗೆ ಎಷ್ಟು ಹೊತ್ತು ಕೂರಿಸ್ತೀರಾ ಅಂದ್ರೆ "ಅದೆಲ್ಲ ಕೆಲ್ಸ ಸಿಕ್ಮೇಲೆ" ಅಂದ್ರು, ಎದ್ದು ಬಂದೆ. ಸರ್ಟಿಫಿಕೇಟ್ ಕೊಡೋರು ಯಾರು, ಪೋಸ್ಟಿಂಗ್ ಯಾವ ಆಸ್ಪತ್ರೇಲಿ, ಇದನ್ನ ಬರವಣಿಗೇಲಿ ಕೇಳಿ. 2021ರ ಅಲೈಡ್ ಹೆಲ್ತ್ ಕಾಯ್ದೆ (ಡಾಕ್ಟರ್, ನರ್ಸ್ ಬಿಟ್ಟು ಬೇರೆ ಆರೋಗ್ಯ ಕೆಲ್ಸದೋರದ್ದು) ಪಟ್ಟೀಲಿ ಪ್ಯಾರಾಮೆಡಿಕ್, ಅಂದ್ರೆ ನಮ್ಮಂಥ ತುರ್ತು ಚಿಕಿತ್ಸೆಯೋರ ಕೆಲ್ಸಾನೂ ಸೇರಿದೆ, ಹಾಗಾಗಿ ಎಲ್ಲೋ ಪ್ರಿಂಟ್ ಹಾಕಿದ ಪೇಪರ್ ಹಿಡ್ಕೊಂಡು ಮುಂದೆ ಒದ್ದಾಡೋದು ಬೇಡ. ಸಂಬಳ ನೋಡಿ ಬರೋದಾದ್ರೆ ಬರ್ಬೇಡಿ, ನನ್ ಫ್ಯಾಕ್ಟರಿ ಓವರ್‌ಟೈಮ್ ಸೇರಿಸಿದ್ರೆ ಅಲ್ಲೇ ಜಾಸ್ತಿ ಬರ್ತಿತ್ತು. ತೆಲುಗು ಬರುತ್ತೆ ಅನ್ನೋರು ಕೋಲಾರಕ್ಕೇ ಪೋಸ್ಟಿಂಗ್ ಕೇಳ್ಕೊಳ್ಳಿ, ಉರ್ದು ತಮಿಳು ಸ್ವಲ್ಪ ಬಂದ್ರೆ ಇನ್ನೂ ಒಳ್ಳೇದು.