ಹಿತಕಿದ ಬೇಳೆ, ಕಾಂಬೋಜಿ ಮತ್ತು ಮಗಳ ಬಾಯಿ

ಹಾಸನ
ಜನವರಿ 19, 2025, ಭಾನುವಾರ, ರಾತ್ರಿ

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಎದ್ದು ಅಡುಗೆಮನೆಗೆ ಹೋದೆ. ಪಾತ್ರೆಯಲ್ಲಿ ಅವರೆಕಾಳು ನೆನೆಯುತ್ತಿತ್ತು. ಸುಮ್ನೆ ಅದರಲ್ಲಿ ಕೈಯಾಡಿಸುತ್ತಾ ನಿಂತೆ. ನೀರು ಕೊರೆಯುತ್ತಿತ್ತು. ನಮ್ಮೂರಿಗೆ ಬಡವರ ಊಟಿ ಅಂತ ಹೆಸರಿಟ್ಟವನು ಜನವರಿಯಲ್ಲೇ ಬಂದು ಹೋಗಿರಬೇಕು.

ನಿದ್ದೆ ಕೆಡಲು ಕಾರಣ ಮಗಳ ಬಾಯಿ.

ನಿನ್ನೆ ಪುಷ್ಯ ಬಹುಳ ಪಂಚಮಿ, ತ್ಯಾಗರಾಜರ ಆರಾಧನೆ. ಪ್ರತಿ ವರ್ಷದ ಹಾಗೆ ಎಲ್ಲರೂ ಸೇರಿ ಅವರ ಪಂಚರತ್ನ ಕೃತಿಗಳನ್ನು ಹಾಡಿದೆವು. ಐದು ರಾಗ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ನಾನು ಯಾವತ್ತಿನಂತೆ ಎರಡನೇ ಸಾಲು. ಗೊತ್ತಿರುವ ಕಡೆ ಜೋರಾಗಿ, ಗೊತ್ತಿಲ್ಲದ ಕಡೆ ಬಾಯಿ ಮಾತ್ರ. ವರಾಳಿ ಬಂದಾಗ ಬಾಯಿ ಮಾತ್ರದವರೇ ಜಾಸ್ತಿ. ಆ ರಾಗವನ್ನು ಗುರು ಎದುರು ಕೂರಿಸಿಕೊಂಡು ಪಾಠ ಮಾಡಿದರೆ ಗುರುಶಿಷ್ಯರಿಗೆ ಆಗಿಬರುವುದಿಲ್ಲ ಅಂತ ನಂಬಿಕೆ. ನಮ್ಮಲ್ಲಿ ಅರ್ಧ ಜನ ಅದನ್ನು ಕ್ಯಾಸೆಟ್ ಕೇಳಿ ಕಲಿತವರು. ಕ್ಯಾಸೆಟ್ ಜೊತೆ ಯಾವ ಜಗಳ!

ಎಲ್ಲ ಮುಗಿದು ಖಾರಾಬಾತ್, ಕೇಸರಿಬಾತ್ ತಿನ್ನುತ್ತಿದ್ದೆವು. ಯಾರೋ ನನಗೆ ಸಂಗೀತ ಹೇಳಿಕೊಟ್ಟ ಮೇಷ್ಟ್ರಿಗೆ, ‘ನಿಮ್ಮಿಂದ ಒಂದು ಮುತ್ತುಸ್ವಾಮಿ ದೀಕ್ಷಿತರ ಕೃತಿ ಆಗಲಿ’ ಅಂದರು. ಮೇಷ್ಟ್ರಿಗೆ ಈಗ 81. ಮೈಕ್ ಬೇಡ ಅಂದರು. ಕಣ್ಣು ಮುಚ್ಚಿ ‘ಶ್ರೀ ಸುಬ್ರಹ್ಮಣ್ಯಾಯ ನಮಸ್ತೇ’ ಶುರು ಮಾಡಿದರು. ಕಾಂಬೋಜಿ ರಾಗ. ತುಂಬಾ ನಿಧಾನ. ತಟ್ಟೆ, ಚಮಚದ ಸದ್ದು ನಿಂತುಹೋಯಿತು. ಪಲ್ಲವಿ ಮುಗಿಸಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು ನೋಡಿ, ಆ ಸಂದಿಯಲ್ಲಿ ನನ್ನ 14 ವರ್ಷದ ಮಗಳು:

‘ಅಮ್ಮಾ, ಈ ದೀಕ್ಷಿತರು ಅಂದ್ರೆ ನಂಗೆ ಆಗಲ್ಲ. ಮುಗಿಯೋದೇ ಇಲ್ಲ.’

ಪಿಸುಮಾತು ಅಂತ ಅವಳು ಅಂದುಕೊಂಡಿದ್ದಳು. ಇಡೀ ಹಾಲ್‌ಗೆ ಕೇಳಿಸಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಾವೇ ತಪ್ಪು ಮಾಡಿದವರಂತೆ ಕೆನ್ನೆ ಬಡಿದುಕೊಂಡರು. ಮೇಜಿನ ಮೇಲೆ ತ್ಯಾಗರಾಜರು, ದೀಕ್ಷಿತರು, ಶಾಮಾ ಶಾಸ್ತ್ರಿಗಳು ಮೂವರ ಫೋಟೋ ಇತ್ತು, ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ. ಮೇಷ್ಟ್ರು ಕಣ್ಣು ಬಿಡಲಿಲ್ಲ. ಕೃತಿಯ ಮುಂದಿನ ಭಾಗ, ಅನುಪಲ್ಲವಿಗೆ ಹೋದರು.

ಮನೆಗೆ ಬರುವಾಗ ಇವರು ಬೇರೆ. ‘ಅವಳು ಹೇಳಿದ್ರಲ್ಲಿ ತಪ್ಪೇನು? ಕರ್ನಾಟಕ ಸಂಗೀತ ಅಂತೀರಿ. ಒಬ್ಬರದು ತೆಲುಗು, ಇನ್ನೊಬ್ಬರದು ಸಂಸ್ಕೃತ.’ ಇದು ನಮ್ಮ ಮನೆಯ ವಾರ್ಷಿಕ ಜಗಳ. ಪುರಂದರದಾಸರ ಸರಳೆವರಸೆ ಇಲ್ಲದೆ ಯಾರಿಗೂ ಸರಿಗಮ ಬರಲ್ಲ ಅಂತ ನಾನು. ‘ಹೌದು, ಪಾಠಕ್ಕೆ ದಾಸರು ಬೇಕು. ಕಚೇರಿಯಲ್ಲಿ ಅವರಿಗೆ ಕೊನೇ ಅರ್ಧ ಗಂಟೆ, ಜನ ಚಪ್ಪಲಿ ಹುಡುಕೋ ಹೊತ್ತು’ ಅಂತ ಇವರು. ಇದಕ್ಕೆ ನನ್ನ ಹತ್ತಿರ ಈ ವರ್ಷವೂ ಉತ್ತರ ಇರಲಿಲ್ಲ.

ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಮಗಳು ಒಂದು ಸಂಜೆಗೆ ಹೇಳಿಬಿಟ್ಟ ಮಾತನ್ನು ನಾನು ಮೂವತ್ತೈದು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದೇನೆ. ನನಗೂ ದೀಕ್ಷಿತರು ಆಗಲ್ಲ.

ಬರೆದುಬಿಟ್ಟೆ. ಕೆಳಗೆ ಬೈಯುವವರು ಬೈಯಲಿ.

ಬೆಳಿಗ್ಗೆ ಅತ್ತೆ, ನಾನು, ಮೈದುನನ ಮಗ ಮೂವರೂ ಅವರೆಕಾಳು ಹಿತಕಲು ಕೂತೆವು. ಸಂಕ್ರಾಂತಿಗೆ ಬಂದವನು ಇನ್ನೂ ಹೋಗಿಲ್ಲ. ಬೆಂಗಳೂರಿನಲ್ಲಿ ಪಿಯಾನೊ ಕಲಿಯುತ್ತಾನೆ. ಹಿತಕುವುದರಲ್ಲಿ ಮಾತ್ರ ಸೊನ್ನೆ. ಅವನು ಒತ್ತಿದರೆ ಬೇಳೆ ಹಾರಿ ಟಿವಿ ಕೆಳಗೆ ಹೋಗುತ್ತದೆ, ಸಿಪ್ಪೆ ಪಾತ್ರೆಗೆ ಬೀಳುತ್ತದೆ. ನಿನ್ನೆಯ ಕತೆ ಕೇಳಿ ನಕ್ಕ. ‘ಇಷ್ಟೇನಾ ದೊಡ್ಡಮ್ಮ? ಚೈಕೋವ್‌ಸ್ಕಿ ತನ್ನ ಡೈರಿಯಲ್ಲಿ ಬ್ರಾಮ್ಸ್‌ನ ಬೈದಿರೋದು ಓದಿದ್ರೆ ಏನಂತೀರಿ?’

ಇಬ್ಬರೂ ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರುಗಳು, ಚೈಕೋವ್‌ಸ್ಕಿ ರಷ್ಯಾದವನು, ಬ್ರಾಮ್ಸ್ ಜರ್ಮನಿಯವನು. 1886ರ ಅಕ್ಟೋಬರ್ ಅಂತೆ. ಚೈಕೋವ್‌ಸ್ಕಿ ಮನೆಯಲ್ಲಿ ಕೂತು ಬ್ರಾಮ್ಸ್‌ನ ಸಂಗೀತವನ್ನು ತಾನೇ ನುಡಿಸಿ ನೋಡಿ, ಈ ಮನುಷ್ಯನಿಗೆ ಪ್ರತಿಭೆಯೇ ಇಲ್ಲ ಅಂತ ಬರೆದುಕೊಂಡನಂತೆ. ಜೊತೆಗೆ ನಾನು ಇಲ್ಲಿ ಬರೆಯಲಾಗದ ಒಂದು ಬೈಗುಳ. ಇಬ್ಬರ ಹುಟ್ಟಿದ ದಿನವೂ ಒಂದೇ, ಮೇ 7. ಆ ಕಡೆಯಿಂದಲೂ ಏಟು ಬಿದ್ದಿತ್ತು. 1881ರಲ್ಲಿ ವಿಯೆನ್ನಾದಲ್ಲಿ ಚೈಕೋವ್‌ಸ್ಕಿಯ ವಯಲಿನ್ ಕಾನ್ಸರ್ಟೊ ಮೊದಲ ಸಲ ನುಡಿಸಿದಾಗ, ಬ್ರಾಮ್ಸ್‌ನ ಗೆಳೆಯ ಹಾನ್ಸ್‌ಲಿಕ್ ಅನ್ನುವ ವಿಮರ್ಶಕ, ಸಂಗೀತದ ದುರ್ನಾತ ಕಿವಿಗೂ ಬಡಿಯಬಹುದು ಅನ್ನೋ ಅರ್ಥದಲ್ಲಿ ಬರೆದನಂತೆ.

‘ಆಮೇಲೆ ಹೊಡೆದಾಡಿಕೊಂಡ್ರಾ?’ ಅತ್ತೆ ಕೈ ನಿಲ್ಲಿಸಿ ಕೇಳಿದರು.

‘ಇಲ್ಲ ಅಜ್ಜಿ. ಊಟ ಮಾಡಿದ್ರು.’

1889ರಲ್ಲಿ ಹ್ಯಾಂಬರ್ಗ್‌ನಲ್ಲಿ ಚೈಕೋವ್‌ಸ್ಕಿಯ ಐದನೇ ಸಿಂಫನಿಯ ರಿಹರ್ಸಲ್ ಇತ್ತು. ಅದನ್ನು ಕೇಳಲೆಂದೇ ಬ್ರಾಮ್ಸ್ ಒಂದು ದಿನ ಹೆಚ್ಚು ಉಳಿದುಕೊಂಡ. ಆಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋದರು. ಕೊನೆಯ ಭಾಗ ಹಿಡಿಸಲಿಲ್ಲ ಅಂತ ಬ್ರಾಮ್ಸ್ ಎದುರಿಗೇ ಹೇಳಿದ.

‘ಒಳ್ಳೆ ಜನ’ ಅಂದರು ಅತ್ತೆ. ಮತ್ತೆ ಹಿತಕಲು ಶುರು ಮಾಡಿದರು.

ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಬ್ರಾಮ್ಸ್ ಫೋಟೋಗೆ ಯಾರೂ ಊದುಬತ್ತಿ ಹಚ್ಚಲ್ಲ, ಹಾಗಾಗಿ ಬೈಯುವುದು ಸುಲಭ. ನಮ್ಮಲ್ಲಿ ವಾಗ್ಗೇಯಕಾರರು, ಅಂದರೆ ಹಾಡು ಕಟ್ಟಿದವರು, ಮೊದಲು ಗೋಡೆಗೆ ಹೋಗುತ್ತಾರೆ, ಆಮೇಲೆ ಕಿವಿಗೆ ಬರುತ್ತಾರೆ. ಹಾರ ಹಾಕಿದ ಫೋಟೋ ಎದುರು ನಿಂತು ನಿಮ್ಮ ಹಾಡು ನನಗೆ ಹಿಡಿಸಲ್ಲ ಅನ್ನುವುದು ಹೇಗೆ? ಅದು ಅಭಿಪ್ರಾಯ ಆಗಲ್ಲ, ಅಪಚಾರ ಆಗುತ್ತೆ. ಇಷ್ಟಕ್ಕೂ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಇರುವ ಜಿಲ್ಲೆ ನಮ್ಮದು. ಆ ಒಂದು ಊರಲ್ಲಿ ಎಷ್ಟು ವಿದ್ವಾಂಸರು ಹುಟ್ಟಿದರು! ಆರ್.ಕೆ. ಶ್ರೀಕಂಠನ್ ಅಲ್ಲಿಯವರೇ. ಈಗ ಅಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಇಂಥ ಕಡೆ ಕೂತು ದೀಕ್ಷಿತರು ಆಗಲ್ಲ ಅನ್ನೋದು ಅಂದರೆ...

ಸಂಜೆ ಈರುಳ್ಳಿ ಹಾಕದೆ ಬೇರೆ ಮಾಡಿದ ಸಾರನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಕೆ.ಆರ್. ಪುರಂಗೆ, ಮೇಷ್ಟ್ರ ಮನೆಗೆ ಹೋದೆ. ಮಗಳು ಬರಲ್ಲ ಅಂದಳು. ನಾನೂ ಬಲವಂತ ಮಾಡಲಿಲ್ಲ.

ಅದೇ ವರಾಂಡಾ. ಕೆಂಪು ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಕೂತಿದ್ದರು. ನಾನು ನಿಂತುಕೊಂಡೇ ಶುರು ಮಾಡಿದೆ. ‘ಮೇಷ್ಟ್ರೇ, ನಿನ್ನೆ ಮಗು ಏನೋ ಅಂದುಬಿಟ್ಲು...’

‘ಯಾವ್ದು? ಮುಗಿಯೋದೇ ಇಲ್ಲ ಅಂದಳಲ್ಲ, ಅದಾ? ನಿಜ ಕಣಮ್ಮ. ನನಗೇ ಉಸಿರು ಸಾಲ್ತಿರಲಿಲ್ಲ. ಅವಳು ಮಾತಾಡಿದ್ದು ಒಳ್ಳೇದೇ ಆಯ್ತು, ಅಷ್ಟರಲ್ಲಿ ಸುಧಾರಿಸ್ಕೊಂಡೆ.’

ನಾನು ಕೂತೆ. ಈಗ ಬೇಲೂರಿನ ಉದಾಹರಣೆ ಬರುತ್ತೆ ಅಂದುಕೊಂಡೆ. ಹಾಸನದವರು ಯಾವ ಕಲೆಯ ಮಾತೆತ್ತಿದರೂ ಎರಡು ನಿಮಿಷಕ್ಕೆ ಶಿಲಾಬಾಲಿಕೆ ಹತ್ತಿರ ಬಂದು ನಿಲ್ಲುತ್ತಾರೆ. ಮೇಷ್ಟ್ರು ಆ ದಾರಿ ಹಿಡಿಯಲಿಲ್ಲ. ‘ಹಳಬರು ಏನು ಹೇಳ್ತಿದ್ರು ಗೊತ್ತಲ್ಲ? ತ್ಯಾಗರಾಜರದು ದ್ರಾಕ್ಷಿ, ಬಾಯಿಗೆ ಹಾಕಿದ್ರೆ ರಸ. ಶಾಮಾ ಶಾಸ್ತ್ರಿಗಳದು ಬಾಳೆಹಣ್ಣು, ಸಿಪ್ಪೆ ಸುಲಿದ್ರೆ ಸಾಕು. ದೀಕ್ಷಿತರದು ತೆಂಗಿನಕಾಯಿ.’

‘ಅರಸೀಕೆರೆ ಕಡೆ ತೆಂಗಿನಕಾಯಿ ಸುಲಿಯೋಕೆ ಕೂಲಿ ಕೊಡ್ತಾರೆ ಮೇಷ್ಟ್ರೇ. ತಿನ್ನೋರೇ ಸುಲಿಯಲ್ಲ.’

ಜೋರಾಗಿ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದರು: ‘ಆ ಕೂಲಿಯವನು ನಾನೇ ಅಲ್ವೇನಮ್ಮ. ಸುಲಿದು, ಒಡೆದು, ಹೋಳು ಮಾಡಿ ಕೊಟ್ಟೆ. ನೀನು ತಿನ್ನಲಿಲ್ಲ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

‘ನಿಂಗೂ ಇಷ್ಟ ಇರಲಿಲ್ಲ, ಅಲ್ವಾ?’

‘ಹೇಗೆ ಗೊತ್ತಾಯ್ತು?’

‘ಕೈ ನೋಡಿ. ತ್ಯಾಗರಾಜರದ್ದು ಹಾಡುವಾಗ ನಿನ್ನ ಕೈ ತಾನಾಗಿ ತೊಡೆ ಮೇಲೆ ಬೀಳ್ತಿತ್ತು. ದೀಕ್ಷಿತರದ್ದು ಬಂದ್ರೆ ಕೈ ಲೆಕ್ಕ ಹಾಕ್ತಿತ್ತು.’

‘ಗೊತ್ತಿದ್ದೂ ಯಾಕೆ ಪಾಠ ಮಾಡಿದ್ರಿ?’

‘ನನಗೆ ಇಷ್ಟ ಇತ್ತು.’

ಅಷ್ಟೇ. ಇದಕ್ಕಿಂತ ನೇರವಾದ ಉತ್ತರ ನನಗೆ ಯಾರೂ ಕೊಟ್ಟಿಲ್ಲ. ಅವರು ಪಾಠ ಮಾಡಿದಾಗ ನನಗೆ 11, ಅವರಿಗೆ ಈಗಿನ ನನ್ನ ವಯಸ್ಸು, 46. ಆ ವಯಸ್ಸಿಗೆ ಅವರಿಗೆ ಎಲ್ಲ ಗೊತ್ತಿತ್ತು ಅಂತ ನಾನು ನಂಬಿದ್ದೆ. ಇಷ್ಟ ಇತ್ತು, ಅದಕ್ಕೆ ಹೇಳಿಕೊಟ್ಟರು.

‘ಯಾವ ಜಾಗ ಕಷ್ಟ?’ ಅಂದರು. ಡಾಕ್ಟರ್ ನೋವು ಎಲ್ಲಿದೆ ಅಂತ ಕೇಳುವ ಹಾಗೆ.

ಅನುಪಲ್ಲವಿ ಅಂದೆ. ‘ದಕ್ಷತರಾಗ್ರಗಣ್ಯಾಯ’ ಅಂತ ಒಂದು ಪದ ಇದೆ. ದಕ್ಷತರ, ಅಗ್ರಗಣ್ಯ ಎರಡೂ ಸೇರಿದ್ದು. ನಾನು ‘ದಕ್ಷ’ ಅಂತ ನಿಲ್ಲಿಸಿ, ಉಸಿರೆಳೆದು, ‘ತರಾಗ್ರ’ ಅಂತ ಶುರು ಮಾಡುತ್ತಿದ್ದೆನಂತೆ. ‘ಆಗ್ರಾ ಪಕ್ಕದ ಯಾವುದೋ ಊರಿನ ಹಾಗೆ ಕೇಳ್ತಿತ್ತು’ ಅಂದರು. ಮೂವತ್ತೈದು ವರ್ಷದ ಹಿಂದಿನ ನನ್ನ ತಪ್ಪು ಅವರಿಗೆ ನೆನಪಿದೆ!

ಆಮೇಲೆ ತ್ಯಾಗರಾಜರದ್ದು, ದೀಕ್ಷಿತರದ್ದು ಎರಡೂ ಹಾಡಿ ತೋರಿಸಿದರು, ಗುನುಗುವಷ್ಟು ದನಿಯಲ್ಲಿ. ತ್ಯಾಗರಾಜರ ಒಂದು ಸಾಲು ತೆಗೆದುಕೊಂಡರೆ ಅದು ಸಂಗತಿ ಸಂಗತಿಯಾಗಿ ಬೆಳೆಯುತ್ತೆ. ಮೊದಲು ಬರೀ ಎಲುಬು, ಆಮೇಲೆ ಮಾಂಸ, ಆಮೇಲೆ ಒಡವೆ. ಮೂರನೇ ಸಲಕ್ಕೆ ಕೇಳುವವನಿಗೂ ಬಾಯಿಗೆ ಬಂದಿರುತ್ತೆ. ದೀಕ್ಷಿತರಲ್ಲಿ ಹಾಗೆ ಬೆಳೆಸುವುದು ಕಡಿಮೆ. ಅವರು ವೈಣಿಕರು. ವೀಣೆಯ ತಂತಿ ಮೇಲೆ ಬೆರಳು ಎಳೆದಷ್ಟು ಉದ್ದಕ್ಕೆ ಸಾಲು. ಸಾಲು ಬರುವಾಗಲೇ ಎಲ್ಲ ಒಡವೆ ಹಾಕಿಕೊಂಡು ಬರುತ್ತೆ, ಒಂದು ಸಲ ದಾಟಿಹೋಗುತ್ತೆ. ಕೊನೆಗೆ ಮಧ್ಯಮಕಾಲದ ಸಾಹಿತ್ಯ ಬಂದಾಗ ಮಾತ್ರ ಸ್ವಲ್ಪ ಓಟ.

‘ತ್ಯಾಗರಾಜರು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾರೆ. ಇವರು ಮುಂದೆ ನಡೀತಾ ಇರ್ತಾರೆ, ಹಿಂತಿರುಗಿ ನೋಡಲ್ಲ. ನಾವು ಬಂದ್ವಾ ಬಿಟ್ವಾ ಅವರಿಗೆ ಬೇಕಿಲ್ಲ. ನಿನ್ನ ಮಗಳಿಗೆ ಕೋಪ ಬಂದಿರೋದು ಅದಕ್ಕೇ.’

ಕೋಪ! ಬೋರ್ ಅಂತ ನಾನು ಅಂದುಕೊಂಡಿದ್ದೆ.

ಆಗ ನೆನಪಾಯಿತು. ಮಗಳು ಆರು ವರ್ಷದವಳಿದ್ದಾಗ ಇಡೀ ದಿನ ಹಾಡುತ್ತಿದ್ದದ್ದು ‘ಶ್ಯಾಮಲೇ ಮೀನಾಕ್ಷಿ’. ಟ್ವಿಂಕಲ್ ಟ್ವಿಂಕಲ್ ಮಟ್ಟು. ಅದೂ ದೀಕ್ಷಿತರದ್ದೇ, ನೊಟ್ಟುಸ್ವರ. ಮದರಾಸಿನ ಹತ್ತಿರ ಮಣಲಿಯಲ್ಲಿ ಇದ್ದಾಗ ಕೋಟೆಯ ಬ್ರಿಟಿಷರ ಬ್ಯಾಂಡ್ ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕೂರಿಸಿದ್ದು. ಬ್ರಿಟಿಷ್ ರಾಜನ ಗೀತೆಯನ್ನೂ ಬಿಟ್ಟಿಲ್ಲ. ಅದು ‘ಸಂತತಂ ಪಾಹಿಮಾಂ’ ಆಗಿ ದೇವಿಯ ಸ್ತುತಿಯಾಯಿತು. ಎರಡು ನಿಮಿಷದೊಳಗೆ ಮುಗಿಯುವ ದೀಕ್ಷಿತರು!

ಹೇಳಿದೆ. ಮೇಷ್ಟ್ರು ಮುಖ ಸಿಂಡರಿಸಿದರು. ‘ಅದು ಬ್ಯಾಂಡ್‌ಸೆಟ್ಟಮ್ಮ. ನಂಗೆ ಆಗಲ್ಲ.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಅವಳಿಗೆ ಹೇಳಬೇಡ ಅದು ಇವರದ್ದೇ ಅಂತ. ಇಷ್ಟದ್ದು ಇಷ್ಟದ್ದಾಗೇ ಇರಲಿ.’

ಧೈರ್ಯ ಬಂತು. ‘ಅದೊಂದೇನಾ? ಇನ್ಯಾರ ಸಂಗೀತ ಆಗಲ್ಲ ಮೇಷ್ಟ್ರೇ?’

ಬಾಗಿಲ ಕಡೆ ನೋಡಿದರು. ರಸ್ತೆ ಕಡೆ ನೋಡಿದರು. ಒಂದು ಹೆಸರು ಹೇಳಿದರು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಆ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಮೇಷ್ಟ್ರು ಮಹಾರಾಜ ಪಾರ್ಕ್‌ಗೆ ವಾಕಿಂಗ್ ಹೋಗುವ ಹಾಗಿಲ್ಲ. ನಾನಂತೂ ಬಸ್ ಹತ್ತಬೇಕಾಗುತ್ತೆ.

ಹೊರಡುವಾಗ ಡಬ್ಬಿ ಒಳಗಿಡಲು ಅಡುಗೆಮನೆಗೆ ಹೋದೆ. ಎಲ್ಲ ಬೋರಲು ಹಾಕಿದ ಪಾತ್ರೆಗಳು. ಸ್ಟೌ ಒಣಗಿತ್ತು. ಕಟ್ಟೆ ಮೇಲೆ ಮೆಸ್ಸಿನ ಕ್ಯಾರಿಯರ್. ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಅನ್ನುತ್ತಿದ್ದವರು, ಹೋಗಿ ಎರಡು ವರ್ಷ ಆಯಿತು. ಮೇಷ್ಟ್ರು ಹಿಂದೆಯೇ ಬಂದು ಮುಚ್ಚಳ ತೆಗೆದು ಮೂಸಿ ನೋಡಿದರು.

‘ಇಂಗು ಜಾಸ್ತಿ.’

‘ಅಯ್ಯೋ, ಹೌದಾ?’

‘ಅವಳೂ ಹೀಗೇ ಹಾಕ್ತಿದ್ದಳು.’

ಮನೆಗೆ ಬಂದಾಗ ಮಗಳು ಲೆಕ್ಕ ಮಾಡುತ್ತಿದ್ದಳು. ‘ಮೇಷ್ಟ್ರು ಬೈದ್ರಾ?’ ಇಲ್ಲ ಅಂದೆ. ‘ಮತ್ತೆ ಅಷ್ಟು ಹೊತ್ತು ಏನು ಮಾತಾಡಿದ್ರಿ?’ ತೆಂಗಿನಕಾಯಿ ಅಂದೆ. ನಿಮಗಿಬ್ಬರಿಗೂ ಏನೋ ಆಗಿದೆ ಅನ್ನುವಂತೆ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಈಗ ಗಂಟೆ ಹತ್ತೂವರೆ. ಡಬ್ಬಿ ಅಲ್ಲೇ ಬಿಟ್ಟು ಬಂದೆ. ಒಳ್ಳೆ ಡಬ್ಬಿ, ಅತ್ತೆ ನಾಳೆ ಕೇಳುತ್ತಾರೆ.

ಊಟ ಆಗಿದ್ದರೂ ಹಸಿವಾಗುತ್ತಿದೆ. ನನಗೆ ಕಾಂಬೋಜಿ ಕೇಳಿದಾಗಲೆಲ್ಲ ಹಸಿವು. ಆಗ ಪಾಠ ಆರರಿಂದ ಏಳು. ಅಪ್ಪ ಡ್ಯೂಟಿ ಮುಗಿಸಿ ಕರೆದುಕೊಂಡು ಹೋಗಲು ಬರುವಾಗ ಏಳೂವರೆ ಆಗುತ್ತಿತ್ತು. ಬೇರೆ ಮಕ್ಕಳೆಲ್ಲ ಹೋದ ಮೇಲೆ ನಾನೊಬ್ಬಳೇ. ಒಬ್ಬಳೇ ಕೂತಿದ್ದಾಳಲ್ಲ ಅಂತ ಮೇಷ್ಟ್ರು ಆ ಅರ್ಧ ಗಂಟೆ ಇದೇ ಕೃತಿಯನ್ನು ಹೇಳಿಕೊಡುತ್ತಿದ್ದರು. ಒಳಗಿನಿಂದ ಒಗ್ಗರಣೆಯ ವಾಸನೆ. ಈಗ ನನಗೆ ಆಗದೇ ಇರುವುದು ದೀಕ್ಷಿತರಾ, ಆ ಅರ್ಧ ಗಂಟೆಯಾ, ಬಾರದ ಅಪ್ಪನಾ?

ಒಂದು ದಿನ ಎಂಟಾದರೂ ಅಪ್ಪ ಬರಲಿಲ್ಲ. ಕರೆಂಟೂ ಹೋಯಿತು. ಅಮ್ಮ ನನ್ನನ್ನು ಒಳಗೆ ಕರೆದು, ಬುಡ್ಡಿದೀಪದ ಬೆಳಕಲ್ಲಿ ತಟ್ಟೆ ಹಾಕಿದರು. ಏನಿತ್ತು ತಟ್ಟೆಯಲ್ಲಿ? ಆಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಸಾರಂತೂ ಇತ್ತು. ಹೊರಗೆ ಕತ್ತಲಲ್ಲಿ ಮೇಷ್ಟ್ರು ಒಬ್ಬರೇ, ನಾನು ಮುರಿದು ಬಿಟ್ಟುಬಂದ ಆ ಅನುಪಲ್ಲವಿಯನ್ನು